ದಂಡಿನ ಪೇಟೆಯಿಂದ ಲಂಡನ್ನಿಗೆ

ಬ್ರಿಟಿಷರ ಬೀದಿಮಾತಿನಲ್ಲಿ ನಮ್ಮ ಜಲ್ದಿ, ಬಂದೂಕು, ಚೀಟಿ, ಚೌಕಿಗಳು ಉಸಿರಾಡಿವೆ. ಗಡಿನಾಡಿನ ಕನ್ನಡವನ್ನು ‘ಬೆರಕೆ’ ಎಂದು ಮೂಗು ಮುರಿಯುವವರು ಈ ಕತೆಯನ್ನು ಕೇಳಬೇಕು.

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಸಲಗರ ಬುದ್ರುಕದಲ್ಲಿ ‘ಜಲ್ದಿ ಬಾ’ ಎಂದು ಕೂಗಿದರೆ ಅದು ಯಾವ ಭಾಷೆಯೆಂದು ಯಾರೂ ಕೇಳುವುದಿಲ್ಲ. ಕೂಗಿಸಿಕೊಂಡವರು ಬರುತ್ತಾರೆ, ಅಷ್ಟೆ. ಊರಿನ ಹೆಸರೇ ಎರಡು ನುಡಿ ಕೂಡಿ ಆದದ್ದು. ‘ಬುದ್ರುಕ’ ಎಂದರೆ ಫಾರಸಿಯ ‘ಬುಜುರ್ಗ್’, ಹಿರಿದು. ಒಂದೇ ಹೆಸರಿನ ಎರಡು ಊರುಗಳಿದ್ದರೆ ಸುಲ್ತಾನರ ಕಾಲದ ಕಂದಾಯ ದಫ್ತರಗಳು ದೊಡ್ಡದನ್ನು ಬುದ್ರುಕ, ಸಣ್ಣದನ್ನು ಖುರ್ದ ಎಂದು ಬರೆದವು. ಧಾರವಾಡ, ಬಾಗಲಕೋಟೆಗಳ ಕಡೆ ಹಿರೇ, ಚಿಕ್ಕ ಎಂಬ ಮಾತುಗಳು ಮಾಡುವ ಕೆಲಸ ಇದೇ. ದಫ್ತರ ಬರೆದವರು ಹೋದರು, ಸುಲ್ತಾನರೂ ಹೋದರು. ಹೆಸರು ಮಾತ್ರ ಊರಿನವರದಾಗಿ ಉಳಿಯಿತು.

ಸೊಲ್ಲಾಪುರ, ಅಕ್ಕಲಕೋಟದ ಸುತ್ತಿನ ಹಳ್ಳಿಗಳಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ಒಂದೇ ಓಣಿಯಲ್ಲಿ ಬಾಳುತ್ತವೆ. ಇಲ್ಲಿಯ ಹುಡುಗರು ಬೆಂಗಳೂರಿಗೋ ಮೈಸೂರಿಗೋ ಓದಲು ಹೋದಾಗ ‘ನಿನ್ನದು ಶುದ್ಧ ಕನ್ನಡವಲ್ಲ’ ಎಂಬ ಮಾತು ಕೇಳಬೇಕಾಗುತ್ತದೆ. ಆ ಮಾತು ನಾಟುತ್ತದೆ. ಹಾಗಾಗಿ ಅವರ ಕೈಗೆ ನಾನು ಕೊಡಬಯಸುವುದು ಬ್ರಿಟಿಷರ ಆಡುಮಾತಿನ ನಿಘಂಟನ್ನು. ಜಗತ್ತಿಗೆಲ್ಲ ‘ಸರಿಯಾದ ಇಂಗ್ಲಿಷ್’ ಹೇಳಿಕೊಟ್ಟ ನಾಡಿನ ಜನ ತಮ್ಮ ಓಣಿಗಳಲ್ಲಿ ಆಡುವ ಎಷ್ಟೋ ಮಾತುಗಳು ಇಂಥ ಓಣಿಗಳಿಂದಲೇ ಹೋದವು.

ಸಿಪಾಯಿಯ ನಾಲಗೆ

1818ರ ಮೇ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಥಾಮಸ್ ಮನ್ರೋ ಸೊಲ್ಲಾಪುರದ ಕೋಟೆಗೆ ಮುತ್ತಿಗೆ ಹಾಕಿ ಗೆದ್ದ. ಪೇಶ್ವೆಗಳ ಆಳ್ವಿಕೆ ಮುಗಿದು ಕಂಪನಿಯ ದಂಡು ಇಲ್ಲಿ ಬೀಡುಬಿಟ್ಟಿತು. ಸೊಲ್ಲಾಪುರದ ಸದರ ಬಜಾರ್ ಎಂಬ ಹೆಸರು ಆ ದಂಡಿನ ಪೇಟೆಯ ಗುರುತು. ಬೆಳಗಾವಿ, ಬಳ್ಳಾರಿ, ಬೆಂಗಳೂರು, ಪುಣೆ ಎಲ್ಲೆಲ್ಲಿ ದಂಡು ಇತ್ತೋ ಅಲ್ಲೆಲ್ಲ ಇಂಥ ಒಂದು ಪೇಟೆ ಬೆಳೆಯಿತು. ಅಡುಗೆಯವರು, ಅಗಸರು, ಭಿಸ್ತಿಗಳು, ಕ್ಷೌರಿಕರು, ಚಹಾ ಮಾರುವವರು ಅಲ್ಲಿ ಸೇರಿದರು.

ಅಧಿಕಾರಿಗಳು ಮುನ್ಷಿಯನ್ನಿಟ್ಟುಕೊಂಡು ಹಿಂದೂಸ್ತಾನಿ ಕಲಿಯುತ್ತಿದ್ದರು, ಪರೀಕ್ಷೆಗೆ ಕೂರುತ್ತಿದ್ದರು. ‘ಟಾಮಿ’ ಎಂದು ಕರೆಸಿಕೊಳ್ಳುತ್ತಿದ್ದ ಸಾಮಾನ್ಯ ಗೋರಾ ಸಿಪಾಯಿಗೆ ಅಂಥ ಮುನ್ಷಿ ಇರಲಿಲ್ಲ. ಬಡ ಮನೆಗಳಿಂದ ಬಂದ ಈ ಹುಡುಗರು ಅಡುಗೆಯವನಿಂದ, ಚಹಾದವನಿಂದ ಮಾತು ಎತ್ತಿಕೊಂಡರು. ಜಲ್ದಿ ಅವರ ಬಾಯಲ್ಲಿ ‘ಜಿಲ್ಡಿ’ ಆಯಿತು. ರೊಟ್ಟಿ ‘ರೂಟಿ’ ಆಯಿತು, ಬಂದೂಕು ‘ಬಂಡೂಕ್’ ಆಯಿತು. ಅಡುಗೆಯ ಡೇಗಚಿ ‘ಡಿಕ್ಸಿ’ಯಾಗಿ ಮೊದಲ ಮಹಾಯುದ್ಧದ ಕಂದಕಗಳವರೆಗೆ ಹೋಯಿತು, ಫ್ರಾನ್ಸಿನ ಕೆಸರಿನಲ್ಲಿ ಸಿಪಾಯಿಗಳಿಗೆ ಸಾರು, ಚಹಾ ಹೊತ್ತು ತಂದದ್ದು ಅದೇ ಡಿಕ್ಸಿ. ‘ದೇಖೋ’ ಎಂಬುದು ‘ಡೆಕ್ಕೊ’ ಆಗಿ, ಒಂದು ನೋಟ ನೋಡು ಎಂಬ ಅರ್ಥದಲ್ಲಿ ಇಂಗ್ಲೆಂಡಿನ ಮನೆಮಾತಾಯಿತು. ಬಕ್ಷೀಸು ‘ಬಕ್‌ಶೀ’ಯಾಗಿ ಪುಕ್ಕಟೆ ಸಿಕ್ಕದ್ದಕ್ಕೆಲ್ಲ ಹೆಸರಾಯಿತು. ಖುಷಿಯಿಂದ ಬಂದ ‘ಕುಷಿ’ ಇಂದಿಗೂ ಲಂಡನ್ನಿನ ಪತ್ರಿಕೆಗಳಲ್ಲಿ ದಿನಬಳಕೆಯ ಮಾತು. ಮೈ ನೋಯದ ಆರಾಮದ ನೌಕರಿ ‘ಕುಷಿ ಜಾಬ್’.

ಚೌಕಿ ಎಂಬುದು ‘ಚೋಕಿ’ಯಾಗಿ ಜೈಲು ಎಂಬರ್ಥ ಪಡೆಯಿತು. 1988ರಲ್ಲಿ ಬಂದ ರೋಆಲ್ಡ್ ಡಾಲ್ ಅವರ ‘ಮಟಿಲ್ಡಾ’ ಓದಿದ ಮಕ್ಕಳಿಗೆ ಈ ಮಾತು ಗೊತ್ತು. ಆ ಕತೆಯ ಕ್ರೂರ ಮುಖ್ಯೋಪಾಧ್ಯಾಯಿನಿ ಮಕ್ಕಳನ್ನು ಕೂಡಿಹಾಕುವ ಇಕ್ಕಟ್ಟಾದ ಕಪಾಟಿನ ಹೆಸರು ‘ಚೋಕಿ’. ನಮ್ಮ ಊರಿನ ಪೊಲೀಸ್ ಚೌಕಿ ಇಂಗ್ಲಿಷ್ ಮಕ್ಕಳ ಕತೆಯೊಳಗೆ ಹೀಗೆ ಹೋಗಿ ಕೂತಿದೆ. ಪಕ್ಕಾ ಎಂಬ ಮಾತನ್ನು ಅಡುಗೆಗಾರ ಜೇಮಿ ಆಲಿವರ್ ಟಿವಿಯಲ್ಲಿ ಮತ್ತೆ ಮತ್ತೆ ಬಳಸಿ ಹೊಸ ತಲೆಮಾರಿನ ಬಾಯಿಗೆ ತಂದರು.

ಈ ಮಾತುಗಳಲ್ಲಿ ನನ್ನನ್ನು ಹೆಚ್ಚು ತಟ್ಟಿದವು ಎರಡು. ಒಂದು ‘ಬ್ಲೈಟಿ’. ನಮ್ಮ ಹಿರಿಯರು ಇಂಗ್ಲೆಂಡಿಗೆ ಹೋದವರನ್ನು ‘ವಿಲಾಯತಿಗೆ ಹೋಗ್ಯಾನ’ ಎನ್ನುತ್ತಿದ್ದರಲ್ಲ, ಅದೇ ವಿಲಾಯತಿ ‘ಬಿಲಾಯತಿ’ಯಾಗಿ, ಮುಂದೆ ‘ಬ್ಲೈಟಿ’ಯಾಗಿ ಸಿಪಾಯಿಯ ಬಾಯಲ್ಲಿ ‘ನನ್ನ ಊರು’ ಎಂಬ ಅರ್ಥ ತಾಳಿತು. ಮೊದಲ ಮಹಾಯುದ್ಧದಲ್ಲಿ ಪ್ರಾಣ ಹೋಗದಂಥ, ಆದರೆ ಮನೆಗೆ ಕಳಿಸಲೇಬೇಕಾದಂಥ ಗಾಯಕ್ಕೂ ‘ಬ್ಲೈಟಿ’ ಎಂದೇ ಕರೆದರು. ಕಾಲು ಹೋದರೂ ಸರಿ, ತಾಯಿಯ ಮುಖ ನೋಡಬಹುದಲ್ಲ ಎಂದು ಹಂಬಲಿಸಿದ ಹುಡುಗನ ಬಾಯಿಗೆ ಬಂದದ್ದು ನಮ್ಮ ಕಡೆಯ ಮಾತು.

ಇನ್ನೊಂದು ‘ಡೂಲಾಲಿ’. ತಲೆ ಕೆಟ್ಟವರನ್ನು ಇಂಗ್ಲೆಂಡಿನಲ್ಲಿ ಇಂದಿಗೂ ಹೀಗನ್ನುತ್ತಾರೆ. ಇದು ಮಹಾರಾಷ್ಟ್ರದ್ದೇ ಊರು, ನಾಸಿಕದ ಹತ್ತಿರದ ದೇವಳಾಲಿ. ಸೇವೆ ಮುಗಿದ ಸಿಪಾಯಿಗಳು ಅಲ್ಲಿಯ ದಂಡಿನ ಬೀಡಿನಲ್ಲಿ ಹಡಗಿಗಾಗಿ ಕಾಯುತ್ತಿದ್ದರು. ಹಡಗುಗಳು ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಹೊರಡುತ್ತಿದ್ದವು. ಅವು ತಪ್ಪಿದವರಿಗೆ ಬೇಸಿಗೆ, ಮಳೆಗಾಲ ಎಲ್ಲ ಅಲ್ಲೇ. ಕೆಲಸವಿಲ್ಲ, ಬಿಸಿಲು, ಜ್ವರ, ಅಗ್ಗದ ಮದ್ಯ. ಹಲವರ ಮನಸ್ಸು ಕದಡಿಹೋಯಿತು. ಜ್ವರಕ್ಕೆ ಮರಾಠಿಯಲ್ಲಿ ‘ತಾಪ’ ಎನ್ನುತ್ತಾರೆ. ಹಾಗಾಗಿ ಈ ಸ್ಥಿತಿ ‘ಡೂಲಾಲಿ ಟ್ಯಾಪ್’ ಆಯಿತು. 20ನೆಯ ಶತಮಾನದ ಮೊದಲ ದಶಕದಲ್ಲಿ ಹಿಂದೂಸ್ತಾನದಲ್ಲಿ ಸಿಪಾಯಿಯಾಗಿದ್ದ ಫ್ರಾಂಕ್ ರಿಚರ್ಡ್ಸ್ 1936ರಲ್ಲಿ ಪ್ರಕಟಿಸಿದ ‘ಓಲ್ಡ್ ಸೋಲ್ಜರ್ ಸಾಹಿಬ್’ ಎಂಬ ನೆನಪಿನ ಪುಸ್ತಕದಲ್ಲಿ ಆ ಬೀಡಿನ ಬಗ್ಗೆ ಬರೆದಿದ್ದಾನೆ. ಇವತ್ತು ನಗುತ್ತ ಆಡುವ ಈ ಮಾತಿನ ಬುಡದಲ್ಲಿ ಬಡ ಸಿಪಾಯಿಗಳ ಸಂಕಟವಿದೆ.

ಗುಟುಕಿಗೊಂದು ಹೆಸರು

ಯಾವ ಭಾಷೆಯಲ್ಲೇ ಆಗಲಿ, ಆಡುಮಾತು ದಟ್ಟವಾಗಿ ಬೆಳೆಯುವುದು ಕುಡಿತದ ಸುತ್ತ. ಇಂಗ್ಲಿಷ್ ಕುಡಿತದ ಮಾತಿನಲ್ಲೂ ನಮ್ಮ ಸೀಮೆಯ ಪಾಲು ದೊಡ್ಡದು.

‘ಪಂಚ್’ ಎಂಬ ಪಾನೀಯದ ಹೆಸರು ಇಂಗ್ಲಿಷ್ ಬರಹದಲ್ಲಿ 1632ರಲ್ಲೇ ಸಿಗುತ್ತದೆ. ಬರೆದವನು ಈಸ್ಟ್ ಇಂಡಿಯಾ ಕಂಪನಿಯ ಮನುಷ್ಯ. 1670ರ ದಶಕದಲ್ಲಿ ಪಶ್ಚಿಮ ಕರಾವಳಿಯಲ್ಲಿ ಓಡಾಡಿ, ಕಾರವಾರ, ಗೋಕರ್ಣಗಳನ್ನೂ ಕಂಡ ಕಂಪನಿಯ ವೈದ್ಯ ಜಾನ್ ಫ್ರಯರ್, ಐದು ಪದಾರ್ಥ ಸೇರುವುದರಿಂದ ಇದಕ್ಕೆ ‘ಪಂಚ್’ ಎಂಬ ಹೆಸರು ಬಂತೆಂದು ತನ್ನ ಪ್ರವಾಸಕಥನದಲ್ಲಿ ಹೇಳುತ್ತಾನೆ. ಸಾರಾಯಿ, ಸಕ್ಕರೆ, ಲಿಂಬೆರಸ, ನೀರು, ಮಸಾಲೆ: ಇವೇ ಆ ಐದು. ಪೀಪಾಯಿಗಿದ್ದ ‘ಪಂಚನ್’ ಎಂಬ ಹೆಸರಿನಿಂದ ಇದು ಬಂತೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಪಾನೀಯ ಹುಟ್ಟಿದ್ದು ಇಲ್ಲಿ ಎಂಬುದರಲ್ಲಿ ಮಾತ್ರ ಹೆಚ್ಚಿನ ತಕರಾರಿಲ್ಲ.

ತಾಳೆ, ಈಚಲು ಮರದಿಂದ ಇಳಿಸುವ ‘ತಾಡಿ’ ಇಂಗ್ಲಿಷರ ‘ಟಾಡಿ’ಯಾಯಿತು. ನಮ್ಮ ಸೊಲ್ಲಾಪುರ, ಕಲಬುರಗಿ ಸೀಮೆಯಲ್ಲಿ ಈಚಲಿನದಕ್ಕೆ ಶಿಂದಿ ಎನ್ನುತ್ತೇವೆ. ಸ್ಕಾಟ್ಲೆಂಡಿನ ಚಳಿಗೆ ಹೋದ ಟಾಡಿ ತನ್ನ ಮರವನ್ನೇ ಮರೆಯಿತು. ಅಲ್ಲಿ ಬಿಸಿನೀರು, ವಿಸ್ಕಿ, ಸಕ್ಕರೆ ಬೆರೆಸಿ ನೆಗಡಿಗೆ ಕುಡಿಯುವ ಪೇಯವೇ ಟಾಡಿ. ಅರಬಿ ಮೂಲದ ‘ಅರಾಕ್’ ಇಲ್ಲಿಂದ ಹೋಗಿ ‘ರ‍್ಯಾಕ್’ ಆಯಿತು. 1847–48ರಲ್ಲಿ ಕಂತುಗಳಾಗಿ ಬಂದ ಥ್ಯಾಕರೆಯ ‘ವ್ಯಾನಿಟಿ ಫೇರ್’ ಕಾದಂಬರಿಯಲ್ಲಿ ಹಿಂದೂಸ್ತಾನದಿಂದ ರಜೆಗೆ ಬಂದ ಕಲೆಕ್ಟರ್ ಜಾಸ್ ಸೆಡ್ಲಿ ರ‍್ಯಾಕ್ ಪಂಚ್ ಕುಡಿದು ಮಾನ ಕಳೆದುಕೊಳ್ಳುತ್ತಾನೆ. ಆ ಒಂದು ರಾತ್ರಿಯಿಂದ ಕತೆಯ ದಿಕ್ಕೇ ತಿರುಗುತ್ತದೆ. ಬ್ರಾಂಡಿಗೆ ನೀರು ಬೆರೆಸಿದರೆ ‘ಬ್ರಾಂಡಿ-ಪಾನಿ’. ಇನ್ನು ‘ಪೆಗ್’ ಇಂಗ್ಲಿಷ್ ಮಾತೇ ಆದರೂ ಮದ್ಯದ ಅಳತೆಯಾಗಿ ಬೇರೂರಿದ್ದು ಹಿಂದೂಸ್ತಾನದ ಕ್ಲಬ್ಬುಗಳಲ್ಲಿ. ಒಂದೊಂದು ಪೆಗ್ಗೂ ಶವಪೆಟ್ಟಿಗೆಗೆ ಜಡಿದ ಒಂದೊಂದು ಗೂಟ ಎಂದು ಆ ಕಾಲದವರು ಅದಕ್ಕೆ ಅರ್ಥ ಹೇಳಿದ್ದರು. ಅದು ಪದದ ನಿಜವಾದ ಹುಟ್ಟು ಅಲ್ಲದಿರಬಹುದು. ಆದರೆ ಇಲ್ಲಿಯ ಗೋರಿಗಳಲ್ಲಿ ಎಷ್ಟೊಂದು ಎಳೆಯ ವಯಸ್ಸಿನವರು ಮಲಗಿದ್ದಾರೆಂದು ಬಲ್ಲವರೇ ಹೇಳಿದ ಮಾತು ಅದು.

ಸಮುದ್ರ ಕೊಟ್ಟ ಮಾತುಗಳೂ ಇವೆ. 1740ರಲ್ಲಿ ನೌಕಾಪಡೆಯ ಅಡ್ಮಿರಲ್ ಎಡ್ವರ್ಡ್ ವರ್ನನ್ ನಾವಿಕರ ರಮ್ಮಿಗೆ ನೀರು ಬೆರೆಸಿ ಕೊಡಬೇಕೆಂದು ಅಪ್ಪಣೆ ಮಾಡಿದ. ‘ಗ್ರಾಗ್ರಮ್’ ಎಂಬ ಒರಟು ಬಟ್ಟೆಯ ನಿಲುವಂಗಿ ತೊಡುತ್ತಿದ್ದುದರಿಂದ ನಾವಿಕರು ಅವನನ್ನು ‘ಓಲ್ಡ್ ಗ್ರಾಗ್’ ಎನ್ನುತ್ತಿದ್ದರು. ನೀರು ಬೆರೆತ ರಮ್ಮಿಗೂ ಅವನದೇ ಹೆಸರು ಬಂತು. ಅದರಿಂದ ಹುಟ್ಟಿದ ‘ಗ್ರಾಗಿ’ ಇಂದು ನಿದ್ದೆಗೆಟ್ಟವರಿಗೆ, ಔಷಧದ ಮಂಪರಿನಲ್ಲಿರುವವರಿಗೆ ಸಲ್ಲುತ್ತದೆ. ನಾವಿಕರಿಗೆ ದಿನವೂ ರಮ್ ಹಂಚುವ ಪದ್ಧತಿ ನಿಂತದ್ದು 1970ರ ಜುಲೈ 31ರಂದು. ಹಾಯಿಯ ಹಗ್ಗ ಸಡಿಲವಾದರೆ ಹಡಗು ಅತ್ತಿತ್ತ ಓಲಾಡುವುದರಿಂದ, ಕುಡಿದು ತೂರಾಡುವವನಿಗೆ ‘ಗಾಳಿಗೆ ಬಿಟ್ಟ ಮೂರು ಹಗ್ಗ’ ಎಂಬರ್ಥದ ಮಾತಿದೆ.

ಪೂರ್ವ ಲಂಡನ್ನಿನ ತಳ್ಳುಗಾಡಿಯವರು ಪ್ರಾಸ ಕಟ್ಟಿ ಅರ್ಥ ಮರೆಸುವ ಜಾಣತನ ತೋರಿದರು. ‘ಆನೆಯ ಸೊಂಡಿಲು’ ಎಂಬ ಇಂಗ್ಲಿಷ್ ಮಾತು ‘ಡ್ರಂಕ್’ಗೆ ಪ್ರಾಸವಾಗುವುದರಿಂದ ಕುಡಿದವನು ಆನೆಯ ಸೊಂಡಿಲಾದ, ‘ಹಂದಿಯ ಕಿವಿ’ ಎಂದರೆ ಬಿಯರ್. 1859ರಲ್ಲಿ ಜಾನ್ ಕ್ಯಾಮ್ಡನ್ ಹಾಟನ್ ಪ್ರಕಟಿಸಿದ ನಿಘಂಟಿನಲ್ಲಿ ಇಂಥ ಪ್ರಾಸದ ಮಾತುಗಳು ದಾಖಲಾದವು. ನಮ್ಮ ದನದ ಸಂತೆಯ ದಲಾಲರು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಮುಗಿಸುವುದನ್ನು ಕಂಡವರಿಗೆ ಇದರ ಉದ್ದೇಶ ಬಿಡಿಸಿ ಹೇಳಬೇಕಿಲ್ಲ. ಹೊರಗಿನವನಿಗೆ ತಿಳಿಯಬಾರದು, ನಮ್ಮವನಿಗೆ ತಿಳಿಯಬೇಕು.

ಎದುರು ದಿಕ್ಕಿನಿಂದ ನಮ್ಮಲ್ಲಿಗೂ ಮಾತುಗಳು ಬಂದವು. ಕುಡಿದವನಿಗೆ ‘ಟೈಟ್’ ಎನ್ನುವುದು 19ನೆಯ ಶತಮಾನದ ಇಂಗ್ಲಿಷ್ ಬೀದಿಮಾತು. ಇಂದು ಬ್ರಿಟನ್ನಿನ ಹುಡುಗರಿಗೆ ಅದು ಅಜ್ಜನ ಕಾಲದ್ದು. ಕನ್ನಡದ ಹಳ್ಳಿಹಳ್ಳಿಯಲ್ಲಿ ‘ಫುಲ್ ಟೈಟ್ ಆಗ್ಯಾನ’ ಎಂಬುದು ಇನ್ನೂ ಬಿಸಿಬಿಸಿ. ನಮ್ಮದೇ ಆದ ಮಾತುಗಳು ಬೇರೆ ಕಡೆಯಿಂದ ಬಂದವು. ಗುಂಡು, ಎಣ್ಣಿ ಇವೆಯಷ್ಟೆ; ಅವುಗಳ ಜೊತೆಗೆ ‘ತೀರ್ಥ ತೊಗೊಂಡಾನ’, ‘ಪರಮಾತ್ಮ ಒಳಗ ಹೋಗ್ಯಾನ’ ಎನ್ನುತ್ತೇವೆ. ಇಂಗ್ಲಿಷರು ಸಮುದ್ರದಿಂದ ತಂದ ಮುಸುಕನ್ನು ನಾವು ಗುಡಿಯಿಂದ ತಂದೆವು. ಎಲ್ಲಿ ನಾಚಿಕೆ ಇದೆಯೋ ಅಲ್ಲಿ ಜನ ತಮಗೆ ಅತಿ ಪರಿಚಿತವಾದದ್ದನ್ನೇ ಎಳೆದು ಮುಚ್ಚಿಕೊಳ್ಳುತ್ತಾರೆ.

ಈ ಮುಸುಕಿನ ಹಿಂದೆ ಹೆಣ್ಣುಮಕ್ಕಳ ಕಣ್ಣೀರು ಇರುವುದನ್ನು ಮರೆತರೆ ಪದಗಳ ಚೆಲುವು ಹೇಳುವುದು ಅನ್ಯಾಯವಾದೀತು. ಮಹಾರಾಷ್ಟ್ರದಲ್ಲಿ ಊರಿನ ಮದ್ಯದಂಗಡಿ ಮುಚ್ಚಿಸಲು ಮಹಿಳೆಯರು ಮತ ಹಾಕುವ ವ್ಯವಸ್ಥೆ ಇದೆ. ಮತಪತ್ರದಲ್ಲಿ ನಿಂತ ಬಾಟಲಿ, ಅಡ್ಡ ಬಿದ್ದ ಬಾಟಲಿ ಎಂಬ ಎರಡು ಚಿತ್ರಗಳು. ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಡ್ಡ ಬಿದ್ದದ್ದಕ್ಕೆ ಒತ್ತಿದರೆ ಅಂಗಡಿಗೆ ಬೀಗ. ಇದರಿಂದ ‘ಆಡವಿ ಬಾಟಲಿ’ ಎಂಬ ಮರಾಠಿ ನುಡಿಗಟ್ಟು ಒಂದು ಹೋರಾಟದ ಹೆಸರೇ ಆಯಿತು. ‘ಬಾಟಲಿ’ ಇಂಗ್ಲಿಷರದು, ‘ಆಡವಿ’ ಮರಾಠಿಯದು, ಧೈರ್ಯ ಹಳ್ಳಿಯ ತಾಯಂದಿರದು. ಕುಡಿತದ ಬಗ್ಗೆ ಗಂಡಸರು ಕಟ್ಟಿದ ನೂರು ಮಾತಿಗೆ ಹೆಣ್ಣುಮಕ್ಕಳು ಕೊಟ್ಟ ಉತ್ತರ ಈ ಒಂದು ಮಾತು.

ಬ್ರಿಟನ್ನಿಗೆ ಹೊರಟವರಿಗೆ ಕಿರು ಕೈಪಿಡಿ

ನ್ಯಾಕರ್ಡ್: ತೀರಾ ದಣಿದಿದ್ದೇನೆ. ಮುದಿ ಕುದುರೆಗಳನ್ನು ಕೊಂಡು ಕೊಲ್ಲುವ ‘ನ್ಯಾಕರ್’ನಿಂದ ಬಂದದ್ದು.
ಚಫ್ಡ್: ಬಹಳ ಸಂತೋಷವಾಗಿದೆ.
ಗಟೆಡ್: ಮನಸ್ಸು ಮುರಿದಿದೆ, ತುಂಬ ನಿರಾಸೆಯಾಗಿದೆ.
ಚಿಯರ್ಸ್: ಗ್ಲಾಸು ಎತ್ತುವಾಗಷ್ಟೇ ಅಲ್ಲ, ಬಸ್ಸು ಇಳಿಯುವಾಗ ಹೇಳುವ ‘ಧನ್ಯವಾದ’ವೂ ಹೌದು.
ಕ್ವಿಡ್: ಒಂದು ಪೌಂಡ್.
ಬೂಜರ್: ಪಬ್, ಕುಡುಕನಿಗೂ ಇದೇ ಹೆಸರು.
ಲೆಗ್‌ಲೆಸ್: ಕಾಲ ಮೇಲೆ ನಿಲ್ಲಲಾಗದಷ್ಟು ಕುಡಿದವನು.
ಡಚ್ ಕರೇಜ್: ಕುಡಿದು ತಂದುಕೊಂಡ ಧೈರ್ಯ.
ಪಾಲ್: ಗೆಳೆಯ. ರೋಮಾನಿ ಜನರ ಮಾತು. ಮೂಲದಲ್ಲಿ ಸಂಸ್ಕೃತದ ‘ಭ್ರಾತೃ’. ಸಾವಿರ ವರ್ಷದ ಹಿಂದೆ ಭಾರತ ಬಿಟ್ಟು ಹೋದವರು ‘ಅಣ್ಣತಮ್ಮ’ನನ್ನು ಅಲ್ಲಿಯವರೆಗೆ ಕೊಂಡೊಯ್ದರು.

ಮೊಹರಮ್ಮಿನ ಕೂಗು, ಮಂಗಳೂರಿನ ನ್ಯಾಯಾಧೀಶ

ಮೇಲೆ ಕಂಡ ದಂಡಿನ ಪೇಟೆಯ ಮಾತುಗಳಂಥವನ್ನು ಕಸವೆಂದು ಬಿಡದೆ ಕೂಡಿಟ್ಟವರು ಇಬ್ಬರು: ಕರ್ನಲ್ ಹೆನ್ರಿ ಯೂಲ್ ಮತ್ತು ಆರ್ಥರ್ ಕೋಕ್ ಬರ್ನೆಲ್. ಬರ್ನೆಲ್ ಮದರಾಸು ಪ್ರಾಂತದ ಅಧಿಕಾರಿ, ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವ. ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಅವನು ಬರೆದ ಪುಸ್ತಕ 1874ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಕಲೆಹಾಕಿ ಇಂಗ್ಲಿಷಿಗೆ ತಂದವನೂ ಅವನೇ. 1882ರಲ್ಲಿ ಅವನು ತೀರಿಕೊಂಡ. ಯೂಲ್ ಕೆಲಸ ಮುಂದುವರಿಸಿ 1886ರಲ್ಲಿ ನಿಘಂಟನ್ನು ಹೊರತಂದ.

ಅದರ ಹೆಸರು ‘ಹಾಬ್ಸನ್-ಜಾಬ್ಸನ್’. ಮೊಹರಮ್ಮಿನಲ್ಲಿ ಎದೆ ಬಡಿದುಕೊಂಡು ‘ಯಾ ಹಸನ್, ಯಾ ಹುಸೇನ್’ ಎನ್ನುವ ಕೂಗು ಗೋರಾ ಸಿಪಾಯಿಗಳ ಕಿವಿಗೆ ಹಾಗೆ ಕೇಳಿಸಿತು. ನಮ್ಮ ಸೀಮೆಯಲ್ಲಿ ಆ ಕೂಗು ಪರಕೀಯವಲ್ಲ. ಅಲಾಯಿ ಕುಣಿಯ ಸುತ್ತ ಹಿಂದೂಗಳು, ಮುಸಲ್ಮಾನರು ಕೂಡಿಯೇ ಹೆಜ್ಜೆ ಹಾಕುತ್ತಾರೆ. ಕರ್ಬಲೆಯ ಕತೆಯನ್ನು ಕನ್ನಡದ ರಿವಾಯತ್ ಪದಗಳಾಗಿ ಹಾಡುತ್ತಾರೆ. ಒಂದೇ ಕೂಗು ಅತ್ತ ಒಂದು ನಿಘಂಟಿಗೆ ಹೆಸರಾಯಿತು, ಇತ್ತ ಕನ್ನಡದ ಹಾಡಾಯಿತು.

ಯಾರ ಮಾತು ಮೋಜು, ಯಾರ ಮಾತು ಅಪರಾಧ

ಆದರೆ ಎಲ್ಲರ ಗುಟ್ಟುಮಾತಿಗೂ ಇಂಥ ಪ್ರೀತಿ ಸಿಗಲಿಲ್ಲ. 1836ರಲ್ಲಿ ಕಂಪನಿಯ ಅಧಿಕಾರಿ ವಿಲಿಯಂ ಸ್ಲೀಮನ್ ಕಲ್ಕತ್ತೆಯಲ್ಲಿ ‘ರಾಮಸೀಯಾನಾ’ ಎಂಬ ಪುಸ್ತಕ ಪ್ರಕಟಿಸಿದ. ದಾರಿದೋಚುಕರೆನಿಸಿದ ಥಗ್ಗರದೆಂದು ಹೇಳಲಾದ ಗುಪ್ತಭಾಷೆಯ ಪದಕೋಶ ಅದು. ಮೂರು ವರ್ಷದ ನಂತರ ಫಿಲಿಪ್ ಮೆಡೋಸ್ ಟೇಲರ್ ಬರೆದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ‘ಥಗ್’ ಎಂಬ ಮಾತನ್ನು ಇಂಗ್ಲೆಂಡಿನ ಮನೆಮನೆಗೆ ಮುಟ್ಟಿಸಿತು. ಈ ಟೇಲರ್ ನಮ್ಮವರಿಗೆ ಹೊಸಬನಲ್ಲ. ಸುರಪುರದಲ್ಲಿ ಆಡಳಿತ ನೋಡಿ, 1853ರಿಂದ ಅಕ್ಕಲಕೋಟಕ್ಕೆ ಹತ್ತಿರದ ನಳದುರ್ಗದಲ್ಲಿದ್ದವನು. ಜನ ಅವನನ್ನು ‘ಮಹಾದೇವ ಬಾಬಾ’ ಎನ್ನುತ್ತಿದ್ದರು. ಮೆಡೋಸ್ ಎಂಬ ಹೆಸರು ನಮ್ಮವರ ಬಾಯಲ್ಲಿ ಮಹಾದೇವನಾಯಿತು. ನಮ್ಮ ‘ಠಕ್ಕ’ನ ನೆಂಟನಾದ ‘ಥಗ್’ ಇಂದು ಇಂಗ್ಲಿಷಿನಲ್ಲಿ ಯಾವ ಗೂಂಡಾನಿಗಾದರೂ ಸಲ್ಲುವ ಬೈಗುಳ.

1871ರಲ್ಲಿ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಅಲೆದು ಬದುಕುವ, ತಮ್ಮದೇ ಒಳನುಡಿ ಆಡುವ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಸೊಲ್ಲಾಪುರದಲ್ಲಿ ಅವರನ್ನು ತಂತಿಬೇಲಿಯೊಳಗೆ ಕೂಡಿಟ್ಟ ದೊಡ್ಡ ವಸಾಹತೇ ಇತ್ತು. ಅಲ್ಲಿ ಹುಟ್ಟಿದ ಮಗು ಮೊದಲು ಕಂಡದ್ದು ತಂತಿಯನ್ನು. ಕಾಯ್ದೆ ರದ್ದಾಗಿ ಆ ಜನ ವಿಮುಕ್ತರಾದದ್ದು 1952ರ ಆಗಸ್ಟ್ 31ರಂದು. ಲಂಡನ್ನಿನ ತಳ್ಳುಗಾಡಿಯವನು ಪ್ರಾಸ ಕಟ್ಟಿ ಮಾತು ಮರೆಸಿದರೆ ಜಾಣ್ಮೆ. ಇಲ್ಲಿಯ ಅಲೆಮಾರಿ ತನ್ನವರೊಡನೆ ತನ್ನ ನುಡಿಯಾಡಿದರೆ ಅನುಮಾನ. ಮಾತಿನ ಬೆಲೆಯನ್ನು ಆಡಿದವರ ಅಂತಸ್ತು ನೋಡಿ ಕಟ್ಟುವ ಈ ರೂಢಿ ಬ್ರಿಟಿಷರೊಂದಿಗೆ ಹೋಗಲಿಲ್ಲ. ಗಡಿನಾಡಿನ ಹುಡುಗನ ಕನ್ನಡವನ್ನು ಅಳೆಯುವ ಕೋಲೂ ಅದೇ ಮರದ್ದು.

ನಮ್ಮ ಚೀಟಿಗಳನ್ನು ನಾವೇ ಬರೆಯೋಣ

ಕನ್ನಡದ ದೊಡ್ಡವರು ಈ ಕೋಲನ್ನು ಒಪ್ಪಲಿಲ್ಲ. ಮನೆಯಲ್ಲಿ ಮರಾಠಿ ಆಡುತ್ತಿದ್ದ ದ.ರಾ. ಬೇಂದ್ರೆ ಧಾರವಾಡದ ಓಣಿಯ ಕನ್ನಡದಲ್ಲಿ ಹಾಡು ಕಟ್ಟಿದರು. 1944ರಿಂದ 1956ರವರೆಗೆ ಸೊಲ್ಲಾಪುರದ ಡಿಎವಿ ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಸೊಲ್ಲಾಪುರದಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಓದಿದ ಜಯದೇವಿತಾಯಿ ಲಿಗಾಡೆ ಕನ್ನಡದಲ್ಲಿ ಸಿದ್ಧರಾಮನ ಪುರಾಣ ಬರೆದರು; 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, ಆ ಪೀಠವೇರಿದ ಮೊದಲ ಮಹಿಳೆ ಎನಿಸಿದರು. ಜಿ.ಪಿ. ರಾಜರತ್ನಂ ಹೆಂಡಗುಡುಕ ರತ್ನನ ಬಾಯಿಮಾತಿಗೆ ಕಾವ್ಯದಲ್ಲಿ ಜಾಗ ಕೊಟ್ಟರು. ಫರ್ಡಿನಾಂಡ್ ಕಿಟ್ಟೆಲ್ 1894ರ ತಮ್ಮ ನಿಘಂಟಿನಲ್ಲಿ ಮರಾಠಿ, ಹಿಂದೂಸ್ತಾನಿಯಿಂದ ಬಂದ ಮಾತುಗಳನ್ನು ಹೊರಗಿಡಲಿಲ್ಲ. ಬಂದ ದಾರಿಯ ಗುರುತು ಹಾಕಿ ಒಳಗೇ ಕೂರಿಸಿದರು.

ಈಗ ಉಳಿದ ಕೆಲಸ ನಮ್ಮದು. ಸೊಲ್ಲಾಪುರದ ಹಳೆಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಪಾಳಿಗೆ ಕರೆಯುತ್ತಿದ್ದ ‘ಭೋಂಗಾ’, ಖಾಯಂ ಆಗದ ‘ಬದಲಿ’ ಕಾರ್ಮಿಕ ಎಂಬ ಮಾತುಗಳು ಅಜ್ಜಂದಿರ ಜೊತೆ ಹೋಗುತ್ತಿವೆ. ಕಬ್ಬು ಕಡಿಯುವವರಲ್ಲಿ ‘ಕೋಯತಾ’ ಎಂದರೆ ಕತ್ತಿ ಮಾತ್ರವಲ್ಲ, ಕೂಡಿ ದುಡಿಯುವ ಗಂಡಹೆಂಡಿರ ಜೋಡಿ. ‘ಉಚಲ್’ ಎಂದರೆ ಟೋಳಿಯ ಗುತ್ತಿಗೆದಾರ ಮುಕಾದಮನಿಂದ ಮುಂಗಡ ಎತ್ತಿದ ಹಣ, ಆ ವರ್ಷದ ಬದುಕನ್ನೆಲ್ಲ ಕಟ್ಟಿಹಾಕುವ ಹಗ್ಗ. ಒಂದು ಹೆಣ್ಣು, ಒಂದು ಗಂಡು ಸೇರಿ ಒಂದು ಹತ್ಯಾರದ ಹೆಸರಿನಲ್ಲಿ ಎಣಿಕೆಯಾಗುತ್ತಾರೆ ಎಂಬುದನ್ನು ತಿಳಿಯಲು ‘ಕೋಯತಾ’ ಎಂಬ ಮಾತು ಬೇಕು. ಯಾವ ಸರಕಾರಿ ವರದಿಯೂ ಅದನ್ನು ಅಷ್ಟು ಚಿಕ್ಕದಾಗಿ ಹೇಳಲಾರದು.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಪಂಡಿತರಷ್ಟೇ ಕಟ್ಟಲಿಲ್ಲ. 1879ರಲ್ಲಿ ಸಂಪಾದಕ ಜೇಮ್ಸ್ ಮರ್ರೆ ಸಾರ್ವಜನಿಕರಿಗೆ ಕರೆಕೊಟ್ಟ. ಸಾಮಾನ್ಯ ಓದುಗರು ಒಂದೊಂದು ಪದಕ್ಕೆ ಒಂದೊಂದು ಚೀಟಿ ಬರೆದು ಕಳಿಸಿದರು. 1928ರಲ್ಲಿ ಕೆಲಸ ಪೂರ್ತಿಯಾಗುವವರೆಗೆ ಬಂದ ಚೀಟಿಗಳ ರಾಶಿ ದೊಡ್ಡದು. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಶಾಲೆಗಳು ಇದೇ ಕೆಲಸವನ್ನು ಈ ವರ್ಷವೇ ಶುರುಮಾಡಬಹುದು. ದೊಡ್ಡ ಖರ್ಚಿಲ್ಲ. ಪ್ರತಿ ಮಗು ವಾರಕ್ಕೊಂದು ಮಾತು ತರಲಿ. ಚೀಟಿಯಲ್ಲಿ ಐದು ಸಂಗತಿ ಬರೆಯಲಿ: ಮಾತು ಯಾವುದು, ಯಾವ ಊರಿನದು, ಆಡಿದವರ ಕಸುಬು ಏನು, ಅರ್ಥವೇನು, ಅವರು ಆಡಿದ ಪೂರಾ ವಾಕ್ಯ ಯಾವುದು. ನೇಕಾರರ ಮನೆ, ಬೀಡಿ ಕಟ್ಟುವವರ ಅಂಗಳ, ಕಬ್ಬಿನ ಟೋಳಿ, ದನದ ಸಂತೆ, ಸಂಜೆಯ ಚಹಾದಂಗಡಿ ಎಲ್ಲವೂ ಬರಲಿ. ಕುಡುಕರ ಮಾತೂ ಬರಲಿ, ಅವರ ಮನೆಯ ಹೆಂಗಸರು ಅದಕ್ಕೆ ಕೊಡುವ ಉತ್ತರವೂ ಬರಲಿ.

ಕಾಲೇಜುಗಳ ಕನ್ನಡ ವಿಭಾಗಗಳು ಆ ಚೀಟಿಗಳನ್ನು ಜೋಡಿಸಿ ಅಚ್ಚು ಹಾಕಲಿ. ತನ್ನ ಅಜ್ಜಿಯ ಮಾತನ್ನು ಪುಸ್ತಕದಲ್ಲಿ, ಊರಿನ ಹೆಸರಿನ ಸಮೇತ ಕಂಡ ಮಗುವಿನ ತಲೆಯನ್ನು ಮುಂದೆ ಯಾರೂ ‘ನಿನ್ನದು ಶುದ್ಧ ಕನ್ನಡವಲ್ಲ’ ಎಂದು ಹೇಳಿ ತಗ್ಗಿಸಲಾರರು. ಗೋರಾ ಸಿಪಾಯಿಯ ತೊದಲು ಮಾತಿಗೆ ಇಂಗ್ಲಿಷರು ನಿಘಂಟಿನಲ್ಲಿ ಜಾಗ ಕೊಟ್ಟರು. ನಮ್ಮ ಕಬ್ಬಿನ ಹೊಲದ ತಾಯಿಯ ಮಾತಿಗೆ ಆ ಜಾಗ ಕೊಡಬೇಕಾದವರು ನಾವು.